ಎರಡು ಸೀಟಿ, ಒಂದು ಸಿಗರೇಟು

ಸಿಗರೇಟು ಬಿಟ್ಟವನಿಗೆ ಕಾಟ ಕೊಡುವುದು ಎದೆಯಲ್ಲ, ತುಟಿ. ಇದು ನನ್ನ ಸ್ವಂತ ಸಂಶೋಧನೆ. ತುಟಿಗೆ ಏನಾದರೊಂದು ಸಿಕ್ಕರೆ ಮನುಷ್ಯ ಪಾರಾದಂತೆ. ಏಲಕ್ಕಿ ಇಟ್ಟುಕೊಂಡೆ, ನುಂಗಿಬಿಟ್ಟೆ. ಲವಂಗ ಇಟ್ಟುಕೊಂಡೆ, ನಾಲಿಗೆ ಮರಗಟ್ಟಿ ‘ಯಲಬುರ್ಗಾ’ ಎಂದು ಕೂಗಲು ಬಾರದಾಯಿತು. ಆಗ ಹೊಳೆಯಿತು: ನಾನು ಬಸ್ ಕಂಡಕ್ಟರ್, ಪರಿಹಾರ ಕೊರಳಲ್ಲೇ ನೇತಾಡುತ್ತಿದೆ. ಸೀಟಿ!

ಹೆಂಡತಿ ಗಿರಿಜಾಳಿಗೆ ಈ ಯೋಜನೆಯನ್ನು ಸವಿಸ್ತಾರವಾಗಿ ವಿವರಿಸಿದೆ.

“ಹೋದ ಸಲ ಬಿಟ್ಟಾಗ ಕಡ್ಲಿ ತಿಂದ್ರಿ. ಅದರ ಹಿಂದಿನ ಸಲ ನನ್ನ ತಲಿ ತಿಂದ್ರಿ,” ಎಂದಳು. ಆಮೇಲೆ ರೊಟ್ಟಿ ತಟ್ಟುತ್ತಲೇ ಮೆಲ್ಲಗೆ, “ಈ ಸಲ ತಪ್ಪಿದ್ರ ಜಗಳ ಮಾಡೂದಿಲ್ರಿ. ಸೇದ್ರಿ. ಆದ್ರ ಬಿಡತೀನಿ ಅಂತ ಮತ್ತ ನನ್ನ ಮುಂದ ಹೇಳಬ್ಯಾಡ್ರಿ,” ಎಂದಳು.

ಜಗಳವಾದರೆ ನನಗೆ ಅಭ್ಯಾಸವಿದೆ. ಈ ಮಾತಿಗೆ ಅಭ್ಯಾಸವಿರಲಿಲ್ಲ. ಸೀಟಿಯನ್ನು ಕಚ್ಚಿಕೊಂಡು ಡ್ಯೂಟಿಗೆ ಹೊರಟೆ.

ಓದುಗರ ಗಮನಕ್ಕೆ: ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಸಿಗರೇಟು ಬಿಟ್ಟವನು ಮಾತುಮಾತಿಗೆ ನಿಟ್ಟುಸಿರು ಬಿಡುತ್ತಾನೆಂಬುದು ಈ ನಿಯಮ ಮಾಡಿದವರಿಗೆ ತಿಳಿದಿರಲಿಲ್ಲ.

ಯಲಬುರ್ಗಾ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಕೊಪ್ಪಳ ಮುಟ್ಟುವತನಕ ಹೇಗಪ್ಪಾ ಎಂದು ಉಸಿರು ಬಿಟ್ಟೆ. ಪೀ. ಎರೆಹೊಲದ ನಡುವೆ ಬಸ್ಸು ನಿಂತಿತು. ಡ್ರೈವರ್ ಬಸಣ್ಣ ಹಿಂತಿರುಗಿ, “ಯಾರು ಇಳಿಯಾವ್ರು?” ಎಂದ. ಯಾರೂ ಇಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ಗಂಟು ಎತ್ತಿಕೊಂಡು ಎದ್ದು, ಹೊರಗೆ ಇಣುಕಿ, “ನಮ್ಮೂರು ಇದಲ್ಲಲೋ ಯಪ್ಪಾ,” ಎಂದು ಮತ್ತೆ ಕುಳಿತಳು. ನಾನು ಎರಡು ಊದಿದೆ. ಹೊರಟೆವು. ಮತ್ತೆ ಉಸಿರು ಬಂತು.

ಹೀಗೆ ಎಷ್ಟು ಸಲ ನಿಂತೆವೆಂದು ನಾನು ಹೇಳಲಾರೆ. ನನ್ನ ನೆನಪಿಗೂ ಬಸಣ್ಣನ ನೆನಪಿಗೂ ತಾಳೆಯಾಗುವುದಿಲ್ಲ. ಇಬ್ಬರಲ್ಲಿ ಅವನದೇ ನಿಜವಿರಬೇಕು, ಬ್ರೇಕ್ ಒತ್ತಿದ ಕಾಲು ಅವನದು.

“ಏನೋ ಮಾರಾಯಾ, ಹೊಲದಾಗ ಗುಬ್ಬಿ ಓಡಸಾಕತ್ತೀಯೇನು?” ಎಂದ.

“ಸಿಗರೇಟ್ ಬಿಟ್ಟೀನಿ ಬಸಣ್ಣ.”

“ನೀ ಸಿಗರೇಟ್ ಬಿಟ್ಟರ ಬಿಡು. ನನ್ನ ಬ್ರೇಕ್ ಲೈನರ್ ಯಾಕ ಸವಸ್ತೀ?”

ಕುಕನೂರು ದಾಟಿದ ಮೇಲೆ ಒಂದು ಕ್ರಾಸಿನಲ್ಲಿ ಬಸ್ಸು ನಿಂತಾಗ ನನ್ನ ಸಂಕಲ್ಪವೂ ಇಳಿಯಿತು. ಬಸ್ಸಿನ ಹಿಂದೆ ಪಾನ್ ಅಂಗಡಿ. ಒಂದೇ ಒಂದು, ಗಿರಿಜಾಳಿಗೆ ಹೇಗೆ ಗೊತ್ತಾದೀತು? ಸಿಗರೇಟು ಕೊಂಡು ಬಾಯಿಯ ಬಲಮೂಲೆಗೆ ಸಿಕ್ಕಿಸಿದೆ. ಎಡಮೂಲೆಯಲ್ಲಿ ಸೀಟಿ ಇತ್ತು. ಅಂಗಡಿಯವನು ಕಡ್ಡಿ ಗೀರಿ ಹಿಡಿದ. ಬೆಂಕಿ ಕಂಡ ಆನಂದಕ್ಕೆ ಉಸಿರು ಹೊರಬಂತು. ಪೀ. ಕಡ್ಡಿ ಆರಿತು. ಅವನು ಪಾಪ, ಕೂಡಲೇ ಇನ್ನೊಂದು ಗೀರಿದ. ಪೀ. ಅದೂ ಆರಿತು.

ಎರಡಾಯಿತು. ಬಸ್ಸು ಹೊರಟಿತು.

“ನಿಮ್ಮ ಬಸ್ ಹೊಂಟೈತಲ್ರೀ,” ಎಂದ ಅಂಗಡಿಯವನು, ಮೂರನೆಯ ಕಡ್ಡಿ ತೆಗೆಯುತ್ತ.

ಓಡಿದೆ. ನಿಲ್ಲಿಸಲೆಂದು ಜೋರಾಗಿ ಒಂದು ಸೀಟಿ ಊದಿದೆ. ಅಷ್ಟು ವರ್ಷ ಹೊಗೆ ಕುಡಿದ ಎದೆ, ಒಂದಕ್ಕೇ ನಿಲ್ಲಲಿಲ್ಲ. ತೇಕು ಹತ್ತಿ ಪೀ ಪೀ ಎಂದಿತು. ಬಸಣ್ಣ ಶಿಸ್ತಿನ ಮನುಷ್ಯ, ವೇಗ ಹೆಚ್ಚಿಸಿದ. ನಾನು ಓಡಿದಷ್ಟೂ ತೇಕು, ತೇಕಿದಷ್ಟೂ ಸೀಟಿ, ಸೀಟಿ ಕೇಳಿದಷ್ಟೂ ಬಸ್ಸು ಮುಂದೆ.

ಕೊನೆಗೆ ನಿಲ್ಲಿಸಿದ್ದು ಹಿಂದಿನ ಸೀಟಿನ ಮುದುಕಿ. “ಡ್ರೈವರಪ್ಪಾ, ಯಾರೋ ಪೊಲೀಸ ಸೀಟಿ ಹೊಡಕೋತ ಬೆನ್ನು ಹತ್ಯಾನ, ನಿಲ್ಸು,” ಎಂದಳಂತೆ.

ಹತ್ತಿ ಮೆಟ್ಟಿಲ ಮೇಲೇ ಕುಳಿತೆ. ಇಡೀ ಬಸ್ಸು ನಗುತ್ತಿತ್ತು. ಸಿಗರೇಟು ಇನ್ನೂ ತುಟಿಯಲ್ಲೇ ಇತ್ತು, ಬೆವರಿಗೆ ನೆಂದು ಬಾಗಿತ್ತು. ಜೇಬಿಗೆ ಹಾಕಿ ಒಣಗಿಸಬಹುದಿತ್ತು. ಆದರೆ ಬರೀ ಗಾಳಿ ಅಷ್ಟು ರುಚಿಯಾಗಿರುತ್ತದೆಂದು ನನಗೆ ತಿಳಿದದ್ದೇ ಆಗ. ಅದರಲ್ಲಿ ಬೇರೇನನ್ನೂ ಬೆರೆಸಲು ಮನಸ್ಸಾಗಲಿಲ್ಲ. ಹೊರಗೆ ಎಸೆದೆ.

ಸಂಜೆ ಗಿರಿಜಾ ಕೇಳಿದಳು, “ಸೇದಿದ್ರ್ಯಾ?”

“ಇಲ್ಲ.”

“ಮನಸು ಗಟ್ಟಿ ಮಾಡಿದ್ರೇನು?”

ಹೌದೆನ್ನಲು ಬಾಯಿ ತೆರೆದೆ. ಆದರೆ ಬಸಣ್ಣ ಆಗಲೇ ಫೋನು ಮಾಡಿದ್ದನೆಂಬುದು ಅವಳ ಮುಖದ ಮೇಲೇ ಕಾಣುತ್ತಿತ್ತು. ಎಲ್ಲ ಹೇಳಿದೆ, ಬಲಮೂಲೆಯನ್ನೂ ಸೇರಿಸಿ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಎಣ್ಣೆ ಬಿಸಿ ಮಾಡಿ ತಂದು, ಓಡಿ ಹಿಡಿದುಕೊಂಡಿದ್ದ ನನ್ನ ಮೊಣಕಾಲಿಗೆ ಹಚ್ಚುತ್ತ, “ನಾಳಿನೂ ಸೇದಬ್ಯಾಡ್ರಿ,” ಎಂದಳು.

ಅವಳ ನಾಳೆಯ ಲೆಕ್ಕದಲ್ಲಿ ನಾನಿನ್ನೂ ಇದ್ದೆ. ಅಷ್ಟು ಸಾಕಾಗಿತ್ತು.

ಸಿಗರೇಟು ಬಿಟ್ಟರೆ ಎದೆ ಸುಧಾರಿಸುತ್ತದೆಂದು ಎಲ್ಲರೂ ಹೇಳುತ್ತಾರೆ. ಮೊಣಕಾಲಿನ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಮರುದಿನ ಬೆಳಿಗ್ಗೆ ನನ್ನದೇ ಡ್ಯೂಟಿಯ ಕುಷ್ಟಗಿ ಬಸ್ಸಿಗೆ ನನ್ನನ್ನು ಇಬ್ಬರು ಪ್ರಯಾಣಿಕರು ರಟ್ಟೆ ಹಿಡಿದು ಹತ್ತಿಸಿದರು. ಒಳಗೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನನಗೆ ಸೀಟು ಬಿಟ್ಟುಕೊಟ್ಟು, “ಎಲ್ಲಿಗಿ ಹೊಂಟೀರಿ ಅಜ್ಜಾರ?” ಎಂದು ಕೇಳಿದಳು.