ಕಾರಿಗೆ ಸುಸ್ತಾಗ್ತದಂತೆ

ಕಾರಿಗೆ ಸುಸ್ತಾಗುತ್ತದಂತೆ. ತೊಕ್ಕೊಟ್ಟಿನಿಂದ ಕೊಟ್ಟಾರದ ಮನೆಗೆ ಬಂದು ಮುಟ್ಟಿದ ಮೇಲೆ ಅದು ಸ್ವಲ್ಪ ಹೊತ್ತು ನಿಂತು ಉಸಿರು ಬಿಡಬೇಕಂತೆ. ಆಮೇಲೆಯೇ ಬಂದ್ ಮಾಡಬೇಕಂತೆ. ಈ ಮನೆಯಲ್ಲಿ ಬೆಳಿಗ್ಗೆಯಿಂದ ಕತ್ತಲೆಯವರೆಗೆ ಕಾಲ ಮೇಲೆ ನಿಂತಿರುವವಳು ನಾನು. ನನಗೆ ಸುಸ್ತಾಯಿತೇ ಎಂದು ಕೇಳಿದವರಿಲ್ಲ. ಕಾರಿಗೆ ಮಾತ್ರ ಇಡೀ ಕುಟುಂಬ ಸೇರಿ ಉಪಚಾರ.

ಅದು ಮಾಮೂಲಿ ಕಾರಲ್ಲ. ಜಪಾನಿನದು. ಹಿಂದುಗಡೆ ಬೆಳ್ಳಿ ಬಣ್ಣದಲ್ಲಿ ‘ಟರ್ಬೊ’ ಎಂದು ಬರೆದಿದೆ. (ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿ ಹೇಳಿದ್ದು ಮಗಳು ಕುಶಲಾ.) ನನ್ನ ಗಂಡ ಮಹಾಬಲ ಶೆಟ್ಟರಿಗೆ ತೊಕ್ಕೊಟ್ಟಿನಲ್ಲಿ ಹೋಟೆಲು. ಬಂದರಿನ ಹಾಶಿಂ ಸಾಹೇಬರು ಅವರ ದೋಸ್ತಿ. ಹಾಶಿಂ ದುಬಾಯಿ ಬಿಟ್ಟು ಬರುವಾಗ ಹಡಗಿನಲ್ಲಿ ಈ ಕಾರನ್ನೂ ತಂದರು. ಬಂದರಿನ ಗಲ್ಲಿಯಲ್ಲಿ ಅದು ತಿರುಗುವುದಿಲ್ಲ ಎಂದು ತಂದ ಮೇಲೆ ಗೊತ್ತಾಯಿತು. ಕೆಲವು ವರ್ಷ ಶೆಡ್ಡಿನಲ್ಲಿಟ್ಟು ಒರೆಸಿದರು. ಆಮೇಲೆ ಇವರಿಗೆ ಮಾರಿದರು. ಊರೆಲ್ಲ ಮಾರುತಿಗೆ ಬುಕ್ ಮಾಡಿ ಕಾಯುವಾಗ ಇವರು ಟರ್ಬೊ ತಂದು ಅಂಗಳದಲ್ಲಿ ನಿಲ್ಲಿಸಿದರು.

ಮಾರುವಾಗ ಹಾಶಿಂ ಒಂದು ಮಂತ್ರೋಪದೇಶವನ್ನೂ ಮಾಡಿದರು.

“ಶೆಟ್ಟ್ರೇ, ಇದರೊಳಗೆ ಒಂದು ಸಣ್ಣ ಫ್ಯಾನ್ ಉಂಟು, ಹೊಗೆ ಹೋಗುವ ದಾರಿಯಲ್ಲಿ. ಜೋರು ಓಡಿಸಿದ್ರೆ ಅದು ಕೆಂಡದ ಹಾಗೆ ಆಗ್ತದೆ. ಎಂಜಿನ್ ತಿರುಗ್ತಾ ಇದ್ರೆ ಆಯಿಲ್ ಹೋಗಿ ಅದನ್ನು ತಂಪು ಮಾಡ್ತದೆ. ಬಂದ ಕೂಡ್ಲೇ ಬಂದ್ ಮಾಡಿದ್ರಾ, ಆಯಿಲ್ ಅಲ್ಲೇ ನಿಂತು ಕರಟಿ ಹೋಗ್ತದೆ. ಸ್ವಲ್ಪ ಹೊತ್ತು ಸುಮ್ನೆ ಓಡ್ಲಿಕ್ಕೆ ಬಿಡಿ.”

ಸಕ್ಕರೆ ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಕೇಳದ ಮನುಷ್ಯ ಹಾಶಿಂ ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಬರುವಾಗಲೂ ಅಷ್ಟೆ, ಸಂಜೆಯೂ ಅಷ್ಟೆ. ಕಾರು ಅಂಗಳಕ್ಕೆ ಬರುತ್ತಿತ್ತು. ಎಂಜಿನ್ ಗುರ್ ಎನ್ನುತ್ತಿತ್ತು. ಮಹಾರಾಜರು ಒಳಗೆ ಕೂತಿರುತ್ತಿದ್ದರು. ಹೊಗೆ ಸೀದಾ ನನ್ನ ಅಡಿಗೆಮನೆಗೆ. ನಾನು ಕಿಟಕಿಯನ್ನು ಧಡಾರೆಂದು ಹಾಕುತ್ತಿದ್ದೆ. ಆ ಸದ್ದು ಹೈವೇಯವರೆಗೆ ಕೇಳಬೇಕು. ಅವರಿಗೆ ಕೇಳುತ್ತಿರಲಿಲ್ಲ.

ಒಂದು ಉಪಯೋಗ ಇತ್ತು. ಕಾರು ಗೇಟು ತಿರುಗಿದ ಸದ್ದಿಗೆ ನಾನು ಮೀನುಸಾರನ್ನು ಒಲೆಗೆ ಇಡುತ್ತಿದ್ದೆ. ಎಂಜಿನ್ ನಿಲ್ಲುವಾಗ ಸಾರು ಕುದಿ ಬಂದಿರುತ್ತಿತ್ತು. ಅವರು ಕಾಲು ತೊಳೆದು ಒಳಗೆ ಬರುವಾಗ ಬಟ್ಟಲು ಹಾಕಿರುತ್ತಿದ್ದೆ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾರು ಬಂತು. ಸಾರು ಒಲೆಗೆ ಇಟ್ಟೆ. ಎಂಜಿನ್ ಬಂದ ಕೂಡಲೇ ನಿಂತಿತು. ಇದೆಂತ ಹೊಸ ಪದ್ಧತಿ ಎಂದು ಹೊರಗೆ ಬಂದೆ. ಇಳಿದದ್ದು ಮೈದುನ ಮೋಹನದಾಸ. ಅವನ ಮುಖ ನೋಡಿದೆ. ಹೋಟೆಲಿನ ಗಲ್ಲಾದಲ್ಲಿ ಕೂತಲ್ಲಿಯೇ ಇವರ ಜೀವ ಹೋಯಿತಂತೆ. ಸಾರು ಇನ್ನೂ ಬಿಸಿಯೂ ಆಗಿರಲಿಲ್ಲ.

ಆಮೇಲೆ ಹೋಟೆಲು ನೋಡುವವನು ಮೋಹನದಾಸ. ಕಾರು ಓಡಿಸುವವನೂ ಅವನೇ. ಅವನ ಮನೆ ನಮ್ಮ ಹಿತ್ತಿಲ ಗೇಟಿನ ಆಚೆಗೆ. ಸಂಜೆ ಕಾರನ್ನು ನನ್ನ ಅಂಗಳದಲ್ಲಿ ಬಿಟ್ಟು ಹಿತ್ತಿಲಿನಿಂದ ಅವನ ಮನೆಗೆ ಹೋಗುತ್ತಾನೆ. ಬಿಡಲಿ. ಆದರೆ ಬಂದ ಕೂಡಲೇ ಬಂದ್ ಮಾಡಿದರೆ ನಾನು ಬಿಡುವವಳಲ್ಲ.

“ಮೋಹನದಾಸಾ! ನಿನ್ನ ಅಣ್ಣ ಕೂತಿರ್ತಿದ್ರು.”

“ಅಣ್ಣನಿಗೆ ಪುರುಸೊತ್ತು ಇತ್ತು ಅತ್ತಿಗೆ. ನನಗೆ ಇಲ್ಲ.”

“ಪುರುಸೊತ್ತು ಇಲ್ಲದವ ಬಸ್ಸಿನಲ್ಲಿ ಬಾ. ಬಸ್ಸಿಗೆ ಸುಸ್ತಾಗುದಿಲ್ಲ.”

ಅವನು ಬಸ್ಸಿನಲ್ಲಿ ಬರಲಿಲ್ಲ. ಬೇರೊಂದು ಉಪಾಯ ತಂದ.

“ಅತ್ತಿಗೆ, ಬಂದರಿನಲ್ಲಿ ಮೊಯ್ದೀನಬ್ಬನ ಅಂಗಡಿಗೆ ದುಬಾಯಿಂದ ಒಂದು ಪೆಟ್ಟಿಗೆ ಬಂದಿದೆ. ಟೈಮರ್ ಹೇಳಿ ಹೆಸರು. ಕಾರಿಗೆ ಹಾಕಿದ್ರೆ ಚಾವಿ ತೆಗ್ದು ನಾವು ಹೋಗಬಹುದು. ಎಂಜಿನ್ ಅದರಷ್ಟಕ್ಕೆ ಓಡ್ತದೆ, ಅದರಷ್ಟಕ್ಕೆ ನಿಲ್ತದೆ.”

“ಒಳಗೆ ಯಾರು ಕೂತಿರುದು?”

“ಯಾರೂ ಬೇಡ. ಅದೇ ಅದರ ಗಮ್ಮತ್ತು.”

“ಯಾರೂ ಇಲ್ಲದ ಕಾರು ನನ್ನ ಅಂಗಳದಲ್ಲಿ ಗುರ್ ಹೇಳಿಕೊಂಡು ನಿಲ್ಲುದಾ?”

“ಎಂಜಿನಿಗೆ ಯಾರು ಕೂತ್ರೂ ಒಂದೇ ಅಲ್ವಾ?”

“ನನಗೆ ಒಂದೇ ಅಲ್ಲ.”

ನನಗೆ ಮೈ ಉರಿಯಿತು. ಮನುಷ್ಯ ಹೋದ. ಅವನ ಸೀಟು ಇದೆ. ಆ ಸೀಟು ಖಾಲಿ ಇಟ್ಟುಕೊಂಡು ಎಂಜಿನ್ ಓಡುವುದನ್ನು ನಾನು ದಿನಾ ಸಂಜೆ ಅಡಿಗೆಮನೆಯಲ್ಲಿ ನಿಂತು ಕೇಳಬೇಕಂತೆ. ಅದಕ್ಕೊಂದು ಪೆಟ್ಟಿಗೆ ಬೇರೆ.

ಮೆಕ್ಯಾನಿಕ್ ನೋಣಯ್ಯನನ್ನು ಕರೆಸಿದೆ. ಅವನು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ. ಬಹಳ ಹೊತ್ತು ತೆಗೆಯಲಿಲ್ಲ.

“ಟೈಮರೂ ಬೇಡ ಅಕ್ಕ, ಕೂರುದೂ ಬೇಡ,” ಎಂದ. “ಪಂಪ್‌ವೆಲ್ ಸರ್ಕಲ್ ದಾಟಿದ ಮೇಲೆ ನಮ್ಮ ರೋಡಿನಲ್ಲಿ ಯಾರು ಜೋರು ಹೋಗ್ತಾರೆ? ಲಾರಿ ಹಿಂದೆ ತೆವಳಿಕೊಂಡು ಮನೆಗೆ ಮುಟ್ಟುವಾಗ ಆ ಫ್ಯಾನ್ ತಣ್ಣಗಾಗಿರ್ತದೆ.”

“ಹಾಗಾದ್ರೆ ಇವರು ಅಷ್ಟು ಕಾಲ ಅಂಗಳದಲ್ಲಿ ಕೂತದ್ದು ಎಂತಕ್ಕೆ?”

ನೋಣಯ್ಯ ಕೈ ಒರೆಸಿಕೊಂಡ. “ಶೆಟ್ಟ್ರಿಗೆ ಕೂರ್ಲಿಕ್ಕೆ ಇಷ್ಟ ಇರ್ಬೇಕು.”

ಇಷ್ಟವಂತೆ! ಒಳಗೆ ಈಸಿಚೇರು ಇರಲಿಲ್ಲವೇ? ನಾನು ಇರಲಿಲ್ಲವೇ? ಚಹಾ ಕೊಡದೆ ಕಳಿಸಿದೆ.

ಹಾಶಿಂ ಸಾಹೇಬರಿಗೆ ಸುದ್ದಿ ಮುಟ್ಟಿತು. ಸ್ವತಃ ಬಂದರು. “ನೋಣಯ್ಯ ಅಂಬಾಸಿಡರಿನ ಡಾಕ್ಟ್ರು ಮಾರಾಯ್ರೆ,” ಎಂದರು. “ಅವನಿಗೆ ಟರ್ಬೊದ ನಾಡಿ ಎಂತ ಗೊತ್ತು? ಓಡ್ಲೇಬೇಕು. ಟೈಮರ್ ಇದ್ರೆ ಒಳ್ಳೆದು.”

ಒಬ್ಬ ಬೇಕು ಎಂದ. ಒಬ್ಬ ಬೇಡ ಎಂದ. ಆರ್.ಸಿ. ಪುಸ್ತಕದಲ್ಲಿ ಹೆಸರಿರುವುದು ನನ್ನದು. ಎಲ್ಲರ ಎದುರು ತೀರ್ಪು ಕೊಟ್ಟೆ: “ಆ ಪೆಟ್ಟಿಗೆ ಈ ಅಂಗಳಕ್ಕೆ ಬಂದ ದಿವಸ ಕಾರು ಗುಜರಿಗೆ. ಮೋಹನದಾಸ, ನೀನು ಕೂತುಕೊಳ್ಬೇಕು.”

ಅವನು ಕೂತ. ಶನಿ ಹಿಡಿದವನ ಹಾಗೆ ವಾಚು ನೋಡುತ್ತಾ ಕೂತ.

ಮಳೆಗಾಲದ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ ಇದೆ. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಕರೆದು, ಬಾಗಿಲು ಹಾಕಿ ಹೊರಗೆ ಬರಬೇಕು. ಅವರು ಬಂದು ಉಂಡು ಹೋಗುವವರೆಗೆ ಮನೆಯವರು ಹೊರಗೆ ಸುಮ್ಮನೆ ಕೂರಬೇಕು. ಇವರು ಹೋದ ಮೇಲೆ ಇದು ಮೊದಲನೇ ಆಟಿ. ಇವರ ಅಕ್ಕ ಶಶಿಪ್ರಭಕ್ಕ ಹಿಂದಿನ ದಿನವೇ ಬಂದು ಅಡಿಗೆಮನೆಯ ಆಡಳಿತ ವಹಿಸಿಕೊಂಡರು.

“ಪಾಯಸಕ್ಕೆ ಬೆಲ್ಲ ಇಷ್ಟೇಯಾ?”

“ಅವರಿಗೆ ಸಕ್ಕರೆ ಕಾಯಿಲೆ ಇತ್ತಲ್ಲ ಅಕ್ಕ.”

“ಇನ್ನು ಎಂತ ಆಗ್ಲಿಕ್ಕುಂಟು ಮಾರಾಯ್ತಿ? ಹಾಕು!”

ಕೋಳಿ ಗಸಿ, ರೊಟ್ಟಿ, ಪತ್ರೊಡೆ, ಪಾಯಸ. ಪಕ್ಕದಲ್ಲಿ ಸಿಗರೇಟು, ಬೆಂಕಿಪೆಟ್ಟಿಗೆ. ಒಂದು ಗ್ಲಾಸು ಬ್ರಾಂಡಿ ಆಗಬೇಕಿತ್ತು. ಅದನ್ನು ತರಲು ಮೋಹನದಾಸ ಮಧ್ಯಾಹ್ನವೇ ಕಾರಿನಲ್ಲಿ ಬಂದರಿನ ಕಡೆಗೆ ಹೋದವನು. ಸಂಜೆಯಾದರೂ ಪತ್ತೆ ಇಲ್ಲ. ಬ್ರಾಂಡಿ ಇಲ್ಲದೆ ಅವರು ಬರಲಿಕ್ಕಿಲ್ಲ ಎಂದು ನಾನು. ಕತ್ತಲೆಯಾಗುವ ಮೊದಲು ಬಡಿಸಬೇಕು ಎಂದು ಶಶಿಪ್ರಭಕ್ಕ. ಕೊನೆಗೆ ಅವರೇ ಬಡಿಸಿದರು. “ಬಾ ಮಹಾಬಲ, ಹಸಿವು ಮಾಡ್ಕೊಂಡು ಬಾ” ಎಂದು ಕರೆದು ಬಾಗಿಲು ಹಾಕಿದರು.

ನಾವು ಮೂರು ಜನ ಚಾವಡಿಯಲ್ಲಿ ಕೂತೆವು. ಹೊರಗೆ ಮಳೆ ಕುಟ್ಟುತ್ತಿತ್ತು.

ಆಗ ಗೇಟು ತಿರುಗಿದ ಸದ್ದು ಕೇಳಿತು. ಆಮೇಲೆ ಎಂಜಿನ್. ಗುರ್ ಎಂದು, ಒಂದೇ ಸಮ.

ನನ್ನ ಕಾಲು ಅದರಷ್ಟಕ್ಕೆ ಎದ್ದಿತು. ಅಡಿಗೆಮನೆಗೆ ಹೋಗಿ ಗಸಿಯ ಪಾತ್ರೆಯನ್ನು ಒಲೆಗೆ ಇಟ್ಟೆ. ಇಟ್ಟ ಮೇಲೆ ನಾನು ಎಂತ ಮಾಡಿದೆ ಎಂದು ಗೊತ್ತಾಯಿತು.

“ಮೋಹನದಾಸ ಆಗಿರ್ಬೇಕು,” ಎಂದರು ಶಶಿಪ್ರಭಕ್ಕ ಪಿಸುಗುಟ್ಟಿ. “ಕುಶಲಾ, ಸದ್ದು ಮಾಡ್ಬೇಡ ಹೇಳು ಅವನಿಗೆ.”

ಕುಶಲಾ ಕೊಡೆ ಹಿಡಿದು ಕಾರಿನವರೆಗೆ ಹೋದಳು. ಓಡಿಕೊಂಡೇ ವಾಪಸು ಬಂದಳು.

“ಅಮ್ಮಾ. ಕಾರಿನಲ್ಲಿ ಯಾರೂ ಇಲ್ಲ. ಚಾವಿಯೂ ಇಲ್ಲ. ಎಂಜಿನ್ ಓಡ್ತಾ ಉಂಟು.”

ಶಶಿಪ್ರಭಕ್ಕ ಕೈಮುಗಿದರು. “ಬಂದ,” ಎಂದರು. “ನನ್ನ ತಮ್ಮ ಬಂದ. ಕರೆದದ್ದಕ್ಕೆ ಬಂದ.”

ಕಾರಿನಲ್ಲಿ ಬಂದದ್ದರ ಬಗ್ಗೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರು ನಡೆದು ಬರುವ ಮನುಷ್ಯರೇ ಅಲ್ಲ.

ನಾನು ಮಳೆಗೆ ಇಳಿದೆ. ಕೊಡೆಯೂ ಹಿಡಿಯಲಿಲ್ಲ. ಕಾರಿನ ಗ್ಲಾಸಿನ ಮೇಲೆ ನೀರು ಇಳಿಯುತ್ತಿತ್ತು. ಸೀಟು ಕಾಣಿಸಿತು, ಖಾಲಿ. ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಈಗ ಬಂದದ್ದಾ?” ಎಂದೆ. “ಊಟಕ್ಕೆ ಬರ್ತೇನೆ ಹೇಳಿ ಹೋದವರು ನೀವು! ಬಂಗುಡೆ ಮೀನು ಮಾಡು ಹೇಳಿದವರೂ ನೀವೇ. ಆ ಬಂಗುಡೆ ಯಾರು ತಿನ್ನಬೇಕಿತ್ತು? ನಾಯಿಗೆ ಹಾಕಿದೆ. ಇಲ್ಲಿ ನಿಮ್ಮ ತಮ್ಮ ಹೋಟೆಲಿನಲ್ಲಿ ಸಾಂಬಾರಿಗೆ ನೀರು ಹಾಕಿಸ್ತಾ ಇದ್ದಾನೆ. ನಿಮ್ಮ ಸೀಟನ್ನು ಹಿಂದೆ ದೂಡಿ ಕಾಲು ಚಾಚಿ ಕೂರ್ತಾನೆ. ಅದಕ್ಕೂ ಪುರುಸೊತ್ತಿಲ್ಲವಂತೆ, ಪೆಟ್ಟಿಗೆ ಬೇಕಂತೆ! ನಾನು ಬಿಡ್ಲಿಲ್ಲ. ಆ ಸೀಟಿಗೋಸ್ಕರ ಊರಿಡೀ ಜಗಳ ಮಾಡಿದವಳು ನಾನು. ನೀವು ಇಲ್ಲಿ ಆರಾಮದಲ್ಲಿ ಕೂತಿದ್ದೀರಿ. ಯಾವಾಗ್ಲೂ ಹಾಗೆಯೇ. ಒಳಗೆ ನಾನು ಬಟ್ಟಲು ಹಾಕಿ ಕಾಯುದು, ನೀವು ಕಾರನ್ನು ಕಾಯುದು! ಇಳಿರಿ ಈಗ!”

ಎಂಜಿನ್ ನಿಂತಿತು.

ತಾನಾಗಿಯೇ ನಿಂತಿತು. ಮಳೆಯ ಸದ್ದು ಮಾತ್ರ.

“ಇಳಿದ,” ಎಂದರು ಹಿಂದೆ ನಿಂತ ಶಶಿಪ್ರಭಕ್ಕ. “ಗುಣವತೀ, ದಾರಿ ಬಿಡು.”

ದಾರಿ ಬಿಟ್ಟೆ. ಕುಶಲಾ ಒಂದು ಕಡೆಗೆ, ನಾನು ಒಂದು ಕಡೆಗೆ. ಶಶಿಪ್ರಭಕ್ಕ ನಡುವೆ ಕೊಡೆ ಎತ್ತಿ ಹಿಡಿದರು, ತಮ್ಮನ ಎತ್ತರಕ್ಕೆ. ಅವರು ಮುಂದೆ ಹೋಗಲಿ ಎಂದು ಸ್ವಲ್ಪ ಬಿಟ್ಟು ಹಿಂದೆ ಹಿಂದೆ ನಡೆದೆವು. ಮೆಟ್ಟಿಲಿನಲ್ಲಿ ಕಾಲು ತೊಳೆಯಲೆಂದು ನಿಂತೆವು. ಅವರು ತೊಳೆದಿರಬಹುದು ಎನ್ನುವಷ್ಟು ಹೊತ್ತು ಕಾದು ಒಳಗೆ ಹೋದೆವು.

ಒಳಕೋಣೆಯ ಬಾಗಿಲ ಹತ್ತಿರ ಒಂದು ಆಕೃತಿ. ನೀರು ಸುರಿಯುತ್ತಿದೆ. ತಲೆಯ ಮೇಲೆ ಬೈರಾಸಿನ ಮುಸುಕು. ಕೈಯಲ್ಲಿ ಬ್ರಾಂಡಿಯ ಬಾಟ್ಲಿ.

ಕುಶಲಾ ಕಿರುಚಿದಳು.

“ಎಂತ, ಎಲ್ಲರೂ ಮೆರವಣಿಗೆಯಲ್ಲಿ ಬರ್ತಾ ಇದ್ದೀರಿ?” ಎಂದ ಮೋಹನದಾಸ, ಬೈರಾಸು ಸರಿಸಿ. “ಮಳೆಗೆ ಸೀದಾ ಹಿತ್ತಿಲಿಗೆ ಓಡಿ ಹಿಂಬಾಗಿಲಿನಿಂದ ಒಳಗೆ ಬಂದೆ. ಅತ್ತಿಗೆ, ನೋಡಿದ್ರಾ? ಎಂಜಿನ್ ಅದರಷ್ಟಕ್ಕೆ ಬಂದ್ ಆಯ್ತು! ಬಂದರಿಗೆ ಹೇಗೂ ಹೋಗಿದ್ದೆ, ಹಾಕಿಸಿಯೇ ಬಂದೆ. ಒಮ್ಮೆ ಕಂಡ್ರೆ ನೀವು ಒಪ್ತೀರಿ ಹೇಳಿ ನನಗೆ ಗೊತ್ತಿತ್ತು. ಚಾವಿ ಇಲ್ಲಿ ನನ್ನ ಕಿಸೆಯಲ್ಲಿ!”

ಚಾವಿ ತೆಗೆದು ಗಿಲ್ ಗಿಲ್ ಎಂದು ಅಲ್ಲಾಡಿಸಿದ.

ಶಶಿಪ್ರಭಕ್ಕ ತಮ್ಮನ ತಲೆಯ ಮೇಲೆ ಹಿಡಿದಿದ್ದ ಕೊಡೆಯನ್ನು ಮಡಚಿದರು. ಅದೇ ಕೊಡೆಯಿಂದ ಇನ್ನೊಬ್ಬ ತಮ್ಮನಿಗೆ ಬಾರಿಸಿದರು. ಅವನು ಏಟು ತಪ್ಪಿಸಿಕೊಳ್ಳುತ್ತಾ, “ಎಂತಾಯ್ತು? ಯಾರಾದ್ರೂ ಹೇಳಿ ಮಾರಾಯ್ರೇ!” ಎನ್ನುತ್ತಿದ್ದ. ಒಲೆಯ ಮೇಲೆ ಗಸಿ ಹೊತ್ತಿದ ವಾಸನೆ ಬಂತು.

ಬಾಗಿಲು ತೆರೆದೆವು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಎಲ್ಲರ ಮನೆಯಲ್ಲೂ ಹಾಗೆಯೇ ಇರುತ್ತದೆ. ರೊಟ್ಟಿ ಗಸಿಯಲ್ಲಿ ನೆನೆದು ಮೆತ್ತಗಾಗಿತ್ತು. ಅವರಿಗೆ ರೊಟ್ಟಿ ಗರಿಗರಿ ಬೇಕು.

ಮರುದಿನವೇ ಪೆಟ್ಟಿಗೆ ತೆಗೆಸಿ ಅಂಗಡಿಗೆ ವಾಪಸು ಕಳಿಸಿದೆ. ಕಾರನ್ನು ಗುಜರಿಗೆ ಹಾಕದೆ ಬಿಟ್ಟದ್ದು ನನ್ನ ದೊಡ್ಡ ಮನಸ್ಸು. ಮೋಹನದಾಸ ಸಾಂಬಾರಿನ ವಿಷಯದಲ್ಲೂ ಬೈಗಳು ತಿಂದ. ಆಮೇಲೆ ದಿನಾ ಸಂಜೆ ಬಾಯಿ ಮುಚ್ಚಿ ಕಾರಿನಲ್ಲಿ ಕೂತ. ವಾಚು ಕೂಡ ನೋಡಲಿಲ್ಲ. ನಾನು ಗೆದ್ದಿದ್ದೆ.

ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಎಂಜಿನ್ ಓಡುತ್ತಿತ್ತು. ಸೀಟಿನಲ್ಲಿ ಮೋಹನದಾಸನ ತಲೆ. ಬೋಳಾಗುತ್ತಾ ಬಂದ ತಲೆ. ಎಷ್ಟು ನೋಡಿದರೂ ಅದು ಅವನದೇ ತಲೆ. ಒಂದು ವಾರ ನೋಡಿದೆ. ಮತ್ತೆ ತಡೆಯಲಾಗಲಿಲ್ಲ.

ಅವನಿಗೆ ಹೇಳುವ ಮುಖ ಇರಲಿಲ್ಲ. ಕುಶಲಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರಿಗೆ ಹೋದೆ. ಮೊಯ್ದೀನಬ್ಬ ಅಂಗಡಿಯಲ್ಲಿದ್ದರು. ಪೆಟ್ಟಿಗೆ ಕಪಾಟಿನ ಮೇಲೆಯೇ ಇತ್ತು.

“ಅದನ್ನು ಪುನಃ ಹಾಕ್ಬೇಕು,” ಎಂದೆ.

ಅವರು ನನ್ನನ್ನೇ ನೋಡಿದರು. ನನ್ನ ತೀರ್ಪಿನ ಸುದ್ದಿ ಬಂದರಿನಲ್ಲಿ ಎಲ್ಲರಿಗೂ ಮುಟ್ಟಿತ್ತು.

“ನೋಣಯ್ಯ ಬೇಡ ಹೇಳಿದ್ನಲ್ಲ ಅಕ್ಕ?”

“ನೋಣಯ್ಯನನ್ನು ಕೇಳ್ಲಿಕ್ಕೆ ನಾನು ಇಲ್ಲಿಗೆ ಬಂದದ್ದಲ್ಲ.”

“ಆಯ್ತು, ಹಾಕುವ. ಮೊದಲಿನಷ್ಟೇ ಹೊತ್ತು ಇಡುದಲ್ವಾ?”

“ಸ್ವಲ್ಪ ಉದ್ದ ಮಾಡ್ಲಿಕ್ಕೆ ಆಗ್ತದಾ?”

“ಎಲ್ಲರೂ ಕಮ್ಮಿ ಮಾಡಿ ಹೇಳ್ತಾರೆ, ಪೆಟ್ರೋಲ್ ಹೋಗ್ತದೆ ಹೇಳಿ. ನೀವು ಉದ್ದ ಕೇಳ್ತೀರಾ?”

“ಸಾರು ಕುದಿ ಬರ್ಬೇಕು,” ಎಂದೆ.

ಮೊಯ್ದೀನಬ್ಬರಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆಯ ತಿರುಪನ್ನು ಉದ್ದಕ್ಕೆ ತಿರುಗಿಸಿ ಇಟ್ಟರು. ಮರುದಿನ ಅಂಗಡಿಯ ಹುಡುಗನನ್ನು ಕಳಿಸಿ ಕಾರಿಗೆ ಹಾಕಿಸಿದರು.

ಈಗ ಕೂಗಾಡುವವನು ಮೋಹನದಾಸ. “ಇಷ್ಟು ಹೊತ್ತು ಓಡ್ಬೇಕಾ ಅತ್ತಿಗೆ? ಪೆಟ್ರೋಲ್ ಯಾರ ಅಪ್ಪನದ್ದು? ಹಿತ್ತಿಲಿಡೀ ಹೊಗೆ!” ಎಂದು ಹಿತ್ತಿಲ ಗೇಟಿನಲ್ಲಿ ನಿಂತು ದಿನಾ ರಂಪ ಮಾಡುತ್ತಾನೆ. ಎಂಜಿನಿನ ಸದ್ದಿಗೆ ನನಗೆ ಅರ್ಧ ಕೇಳುವುದಿಲ್ಲ.

ಕಾರು ಬರುತ್ತದೆ. ಸಾರು ಒಲೆಗೆ ಇಡುತ್ತೇನೆ. ಹೊಗೆ ಸೀದಾ ಅಡಿಗೆಮನೆಗೆ ಬರುತ್ತದೆ. ಕೆಮ್ಮುತ್ತೇನೆ. ಕಿಟಕಿ ಹಾಕುವುದಿಲ್ಲ.