ಹೊಗೆ ಹೂಳಲು ಒಪ್ಪಿಗೆ

ಸಂಜೆ ಐದರೊಳಗೆ ತೋಡೂರಿನವರ ಮೂವತ್ತು ಸಹಿ ತಂದರೆ ಅಂಕೋಲೆಗೆ ವರ್ಗ ಮಾಡಿಸುತ್ತೇನೆ ಎಂದು ಕಾರವಾರದ ಸಾಹೇಬರು ಹೇಳಿದ್ದೇ ರಾಮನಾಥನ ಆ ದಿನದ ಗ್ರಹಚಾರ. ತೋಡೂರಿನ ಗ್ರಾಮಲೆಕ್ಕಿಗನಾಗಿ ಹನ್ನೊಂದು ವರ್ಷ, ಅಂಕೋಲೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಜೋತಾಡಿ, ಅವನ ಬಲಗೈ ಎಡಗೈಗಿಂತ ಉದ್ದವಾದಂತಿತ್ತು.

ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದಾಳದ ಬಂಡೆಯೊಳಗೆ ತುಂಬಿಡಬಹುದೇ ಎಂದು ನೋಡಲು ಯಾವುದೋ ಕಂಪನಿ ತೋಡೂರಿನಲ್ಲೊಂದು ಪರೀಕ್ಷೆಯ ಕೊಳವೆಬಾವಿ ಕೊರೆಯಬೇಕಿತ್ತು. ಅದಕ್ಕೆ ಊರವರ ಒಪ್ಪಿಗೆ ಬೇಕು.

"ನಮ್ಮ ಬಾವಿ ನೀರು ಸೋಡಾ ಆಗ್ತದನಾ?" ಮೀನಿನ ಬುಟ್ಟಿ ಇಳಿಸದೆಯೇ ಕಲಾವತಿ ಕೇಳಿದಳು.

"ಆದ್ರೆ ಒಳ್ಳೇದೇ, ಹೊಟ್ಟೆ ಹಗುರಾಗ್ತದೆ" ಎಂದ ಅವಳ ಜಗಲಿಯ ಮೇಲೆ ಕೂತಿದ್ದ ಪಕ್ಕದ ಮನೆಯ ಬೀರಾ.

"ಬಾವಿ ಎಲ್ಲಿ, ಇದೆಲ್ಲಿ ಅಕ್ಕಾ! ಒಂದು ಕಿಲೋಮೀಟರ್ ಆಳ. ಇಡ್ಲಿಗೆ ಸಾಂಬಾರು ಇಳೀತದಲ್ಲ, ಹಾಗೆ ಕಲ್ಲಿನೊಳಗೆ ಇಳೀತದೆ" ಎಂದ ರಾಮನಾಥ.

"ಇಡ್ಲಿ ಒತ್ತಿದ್ರೆ ಸಾಂಬಾರು ಹೊರಗೆ ಬರ್ತದೆ, ಸಾಹೇಬ್ರೆ" ಎಂದ ಬೀರಾ.

"ಮೇಲೆ ಗಟ್ಟಿ ಬಂಡೆಯ ಮುಚ್ಚಳ ಇರ್ತದೆ ಮಾರಾಯಾ. ಸಾವಿರ ವರ್ಷ ಅಲುಗೂದಿಲ್ಲ."

"ಸಾವಿರದ ಒಂದನೇ ವರ್ಷಕ್ಕೆ ಕೇಳೂಕೆ ನೀವು ಇರ್ತೀರನಾ?"

"ವರ್ಗ ಆಗದಿದ್ರೆ ಇಲ್ಲೇ ಇರ್ತೇನೆ."

ಮನೆಮನೆಯಲ್ಲೂ ಅದೇ ಇಡ್ಲಿ, ಅದೇ ಸಾಂಬಾರು. ಎಲ್ಲರೂ ಕೋಕಂ ಪಾನಕ ಕೊಟ್ಟರು, ಸಹಿ ಕೊಡಲಿಲ್ಲ. ದುರ್ಗಪ್ಪನ ಮನೆಯಲ್ಲಿ ಮಾತಿಗೆ ಮೊದಲೇ ನಾಯಿ ಎದ್ದು ಬಂದು ಒಂದು ಚಪ್ಪಲಿ ಒಯ್ದಿತು. ಮಧ್ಯಾಹ್ನ ಎರಡಕ್ಕೆ ರಾಮನಾಥ ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕುಂಟುತ್ತ ಕಲಾವತಿಯ ಜಗಲಿಗೇ ವಾಪಸು ಬಂದು, ಒಣಗಲು ಹಾಕಿದ ಬಲೆಯಂತೆ ಬಿದ್ದುಕೊಂಡ.

"ಅಯ್ಯೋ, ಮನುಷ್ಯ ಸುಸ್ತಾಗಿ ಹೋದ" ಎಂದಳು ಕಲಾವತಿ. "ತಾ ಆ ಕಾಗದ ಇಲ್ಲಿ. ಬೀರಾ, ಮನೆಮನೆಗೆ ತಿರುಗಿಸ್ಕಂಡು ಬಾ. ನಮ್ಮ ಸಾಹೇಬ್ರು ಮನೆಗೆ ಹೋಗ್ಲಿ."

ರಾಮನಾಥ ಕಣ್ಣು ಬಿಟ್ಟಾಗ ನಾಲ್ಕು ಗಂಟೆ. ಎದೆಯ ಮೇಲೆ ಮಡಚಿದ ಕಾಗದ. "ಒಟ್ಟು ಮೂವತ್ತೆಂಟು ಸಹಿ!" ಎಂದ ಬೀರಾ. ಬಿಡಿಸಿ ಓದಲು ಹೊತ್ತೆಲ್ಲಿ, ಬಸ್ಸು ಬಂದೇಬಿಟ್ಟಿತ್ತು.

ಕಾರವಾರದ ಕಚೇರಿಯಲ್ಲಿ ಸಾಹೇಬರು ಕಾಗದ ಬಿಡಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಪ್ರತಿ ಸಹಿ ಪಕ್ಕ ಏನ್ರೀ ಇದು? 'ತಕರಾರು ಕಾಯ್ದಿರಿಸಿ ಸಹಿ ಮಾಡಿದ್ದೇನೆ.' ಇದು ಒಪ್ಪಿಗೆಯಲ್ಲ, ಮೂವತ್ತೆಂಟು ತಕರಾರು! ಕಂಪನಿಯವರು ಇವತ್ತೇ ಗಂಟುಮೂಟೆ ಕಟ್ತಾರೆ. ಯಾವನ್ರೀ ಇವರಿಗೆ ಇದನ್ನು ಕಲಿಸಿದವನು?"

ಹನ್ನೊಂದು ವರ್ಷದ ಹಿಂದೆ ತೋಡೂರಿನವರ ಹಳೇ ಮನೆಗಳು ಸರ್ಕಾರದ ಯೋಜನೆಯೊಂದಕ್ಕೆ ಹೋಗುವಾಗ, ಕಲಾವತಿ ಅತ್ತದ್ದನ್ನು ನೋಡಲಾರದೆ, "ಯಾವ ಸರ್ಕಾರಿ ಕಾಗದ ಬಂದ್ರೂ ಸಹಿ ಪಕ್ಕ ಹೀಗೆ ಬರೀರಿ, ಮರೀಬೇಡಿ" ಎಂದು ಊರಿಗೆಲ್ಲ ಅಕ್ಷರ ತಿದ್ದಿಸಿದವನು ರಾಮನಾಥನೇ.

"ಆ ಮನುಷ್ಯ ಸಿಗೋವರೆಗೆ ನೀವು ತೋಡೂರು ಬಿಡೋ ಹಾಗಿಲ್ಲ" ಎಂದರು ಸಾಹೇಬರು.

"ಆಯ್ತು ಸಾರ್, ಹುಡುಕ್ತೇನೆ" ಎಂದು ರಾಮನಾಥ ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನತ್ತ ನಡೆದ.