ಬೀದಿದೀಪ ಇಲಾಖೆಯ ಕ್ಯಾಶ್

ಬೀದಿದೀಪ ಇಲಾಖೆಯ ಜಾಲತಾಣದಲ್ಲಿ ಇದ್ದದ್ದು ಒಂದೇ ಪುಟ. ಅದರಲ್ಲಿ ಮುಖ್ಯಾಧಿಕಾರಿಗಳ ಭಾವಚಿತ್ರ, ಕಚೇರಿಯ ವೇಳೆ ಹಾಗೂ 'ಇಂದು ನಗರದ ಎಲ್ಲ ದೀಪಗಳೂ ಉರಿಯುತ್ತಿವೆ' ಎಂಬ ಪ್ರಕಟಣೆ ಇರುತ್ತಿತ್ತು. ಆ ಪುಟ ತೆರೆದುಕೊಳ್ಳುವಷ್ಟರಲ್ಲಿ ಸಾರ್ವಜನಿಕರು ಒಂದು ಲೋಟ ಚಹಾ ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದರು. ಇದನ್ನು ಸರಿಪಡಿಸತಕ್ಕದ್ದೆಂದು ತೀರ್ಮಾನವಾಗಿ ತಂತ್ರಜ್ಞನೊಬ್ಬನನ್ನು ಕರೆಸಲಾಯಿತು.

ಅವನು ಕ್ಯಾಶ್ ಪ್ಲಗಿನ್ ಎಂಬುದನ್ನು ಕೂರಿಸಿದ. "ಇಷ್ಟು ದಿನ ಯಾರು ಕೇಳಿದ್ರೂ ಪುಟಾನ ಹೊಸದಾಗಿ ತಯಾರು ಮಾಡಿ ಕೊಡ್ತಿತ್ತು. ಇನ್ಮೇಲೆ ಒಂದ್ಸಲ ತಯಾರಾದ ಪ್ರತೀನೇ ಇಟ್ಕೊಂಡು ಎಲ್ಲರಿಗೂ ಅದನ್ನೇ ತೋರಿಸುತ್ತೆ. ಏನಾದ್ರೂ ಬದಲಾದ್ರೆ ಕ್ಯಾಶ್ ಖಾಲಿ ಮಾಡಿ, ಅಷ್ಟೇ" ಎಂದು ಹೇಳಿ ಹೋದ. ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ಮುಖ್ಯಾಧಿಕಾರಿಗಳಾದ ಮೀಸೆ ಸಾಹೇಬರು ಅದನ್ನು ಕಣ್ಣಾರೆ ಕಂಡು, ಸಂತೋಷಪಟ್ಟು, ಅಂದೇ ಸಂಜೆ ನಿವೃತ್ತರಾದರು.

ಮರುದಿನ ಹೊಸ ಮುಖ್ಯಾಧಿಕಾರಿ ಬಂದಳು. ಊರೂರು ಅಲೆದು, ಯಾರ್ಯಾರದೋ ಕೈಕೆಳಗೆ ದುಡಿದು, ಕೊನೆಗೂ ಒಂದು ಕೋಣೆ, ಒಂದು ತಿರುಗುವ ಕುರ್ಚಿ ತನ್ನದಾಯಿತೆಂದು ಆಕೆ ಹಿಗ್ಗಿದ್ದಳು. ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಇಟ್ಟ.

"ಯಾರು ಬೇಕಿತ್ತಮ್ಮಾ?"

"ನಾನೇ ಹೊಸ ಮುಖ್ಯಾಧಿಕಾರಿ."

ಕಾವಲುಗಾರ ಮೊಬೈಲಿನಲ್ಲಿ ಜಾಲತಾಣ ತೆರೆದು, ಒಮ್ಮೆ ಅದನ್ನೂ ಒಮ್ಮೆ ಆಕೆಯ ಮುಖವನ್ನೂ ನೋಡಿದ. "ಇಲ್ಲಿ ಮೀಸೆ ಇದೆಯಲ್ಲ."

ಆಕೆ ನೇಮಕದ ಆದೇಶ ತೆಗೆದು ತೋರಿಸಿದಳು. ಕಾವಲುಗಾರ ಕನಿಕರದಿಂದ ತಲೆಯಾಡಿಸಿದ. "ಕಾಗದ ಯಾರು ಬೇಕಾದ್ರೂ ಟೈಪ್ ಮಾಡಿಸ್ಬಹುದು. ಜಾಲತಾಣ ಹಂಗಲ್ಲಮ್ಮಾ, ಅದು ಇಲಾಖೇದು."

ಆಕೆ ತಂತ್ರಜ್ಞನಿಗೆ ಫೋನ್ ಮಾಡಿದಳು. ಕ್ಯಾಶ್ ಖಾಲಿ ಮಾಡುವುದು ಒಂದೇ ಗುಂಡಿಯ ಕೆಲಸ, ಆದರೆ ಪಾಸ್‌ವರ್ಡ್ ಲೆಕ್ಕಪತ್ರ ವಿಭಾಗದಲ್ಲಿದೆ ಎಂದ. ಸಂದರ್ಶಕರ ಚೀಟಿ ಬರೆಸಿಕೊಂಡು ಆಕೆ ತನ್ನದೇ ಕಚೇರಿಯೊಳಗೆ ಹೋದಳು. ವಿಷಯ ಕೇಳಿದ್ದೇ ಲೆಕ್ಕಿಗರು ಮೇಜಿನ ಖಾನೆಯ ಮೇಲೆ ಅಂಗೈ ಊರಿದರು.

"ಬಂದ ದಿನಾನೇ ಕ್ಯಾಶ್ ಖಾಲಿ ಮಾಡ್ಬೇಕು ಅಂತೀರಲ್ಲ ಮೇಡಂ!"

"ಇದು ದುಡ್ಡಿನ ಕ್ಯಾಶ್ ಅಲ್ರೀ, ಹಳೇ ಪುಟ ಇಟ್ಕೊಂಡಿರೋ ಕ್ಯಾಶ್."

"ಯಾವ ಕ್ಯಾಶ್ ಅಂತ ನಿಯಮದಲ್ಲಿ ಬಿಡಿಸಿ ಹೇಳಿಲ್ಲ. ಕ್ಯಾಶ್ ಖಾಲಿ ಮಾಡೋಕೆ ಮುಖ್ಯಾಧಿಕಾರಿಗಳ ಸಹಿ ಬೇಕು."

"ನಾನೇ ಅಲ್ವೇನ್ರೀ ಮುಖ್ಯಾಧಿಕಾರಿ?"

ಲೆಕ್ಕಿಗರು ಕಂಪ್ಯೂಟರಿನ ಪರದೆಯನ್ನು ಆಕೆಯತ್ತ ತಿರುಗಿಸಿದರು. ಅದರಲ್ಲಿ ಮೀಸೆ ಸಾಹೇಬರು ನಗುತ್ತಿದ್ದರು.

ಬೇರೆ ದಾರಿ ಕಾಣದೆ ಆಕೆ ಸಾಹೇಬರ ಮನೆ ಹುಡುಕಿಕೊಂಡು ಹೋದಳು. ಅವರು ಹೆಂಡತಿ ಕೈಗೆ ಕೊಟ್ಟ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಅಂಗಳದಲ್ಲಿ ಪೆಚ್ಚಾಗಿ ನಿಂತಿದ್ದರು.

"ಒಂದೇ ಒಂದು ಸಹಿ ಸರ್."

"ಮನೇಲಿ ಹಾಕಿದ ಸಹಿ ಊರ್ಜಿತ ಅಲ್ಲಮ್ಮಾ. ಕಚೇರೀಲೇ ಹಾಕ್ಬೇಕು" ಎಂದವರೇ ಬುಟ್ಟಿ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ಕಾವಲುಗಾರ ಸಲಾಮು ಹೊಡೆದ. ಸಾಹೇಬರು ಕುರ್ಚಿಯಲ್ಲಿ ಕೂತು, ಗಂಟೆ ಬಾರಿಸಿ, ಚಹಾ ತರಿಸಿಕೊಂಡು, ಆಕೆಯ ಮನವಿ ಓದಿದರು. ತನ್ನನ್ನು ತೆಗೆದುಹಾಕಲು ತಾನೇ ಅನುಮತಿ ಕೊಡುವುದು ಹಿತಾಸಕ್ತಿ ಸಂಘರ್ಷವಾಗುವುದರಿಂದ, ಈ ಬಗ್ಗೆ ಸಮಿತಿಯೊಂದನ್ನು ರಚಿಸತಕ್ಕದ್ದೆಂದೂ, ವರದಿ ಬರುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದೆಂದೂ ಷರಾ ಬರೆದರು. ಸಮಿತಿಯ ಅಧ್ಯಕ್ಷರೂ ಅವರೇ ಆದರು.

ಈ ನಡುವೆ ಮಾರುಕಟ್ಟೆ ಬೀದಿಯ ದೀಪಗಳೆಲ್ಲ ಕೆಟ್ಟವು. ಅಲ್ಲಿನ ದರ್ಜಿ ಮೋರಿಗೆ ಬಿದ್ದು, ಕುಂಟುತ್ತ ದೂರು ಕೊಡಲು ಬಂದ. ಕಾವಲುಗಾರ ಮೊಬೈಲು ತೋರಿಸಿದ. ಎಲ್ಲ ದೀಪಗಳೂ ಉರಿಯುತ್ತಿವೆ ಎಂದಿರುವುದನ್ನು ದರ್ಜಿ ಎರಡೆರಡು ಸಲ ಓದಿ, "ಎಷ್ಟು ಬೇಗ ತೆರ್ಕೊಳ್ತಲ್ಲ!" ಎಂದು ಮೆಚ್ಚಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ, ಕನ್ನಡಕದ ಅಂಗಡಿಗೆ ಹೋದ.

ಆಕೆ ದಿನವೂ ಬಂದು ಸಂದರ್ಶಕರ ಬೆಂಚಿನಲ್ಲಿ ಕೂತು ಹೋಗುತ್ತಿದ್ದಳು. ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆ. ಒಂದು ಬೆಳಗ್ಗೆ ಅತ್ತೆ ಜಾಲತಾಣ ನೋಡಿದರು.

"ಅಲ್ವೇ, ನೀನು ಇದರಲ್ಲಿ ಇಲ್ಲವೇ ಇಲ್ಲವಲ್ಲೇ!"

"ಬರ್ತೀನಿ ಅತ್ತೆ, ಸ್ವಲ್ಪ ತಡ ಆಗುತ್ತೆ."

"ಪಾಪ, ಕೆಲ್ಸ ಸಿಕ್ಕಿಲ್ಲ ಅಂತ ಮೊದಲೇ ಹೇಳ್ಬಾರ್ದಾ? ಈ ಸಾಹೇಬರನ್ನ ನೋಡಿದ್ರೆ ಒಳ್ಳೆಯವರ ಥರ ಕಾಣ್ತಾರೆ. ಒಂದ್ಮಾತು ಕೇಳಿ ನೋಡು."

ಆಕೆಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಎರಡೂ ಮುಗಿದ ಮೇಲೆ, ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಕಚೇರಿಯಲ್ಲಿ ಖಾಲಿಯಿದ್ದ ಸಣ್ಣ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಳು. ಸಂದರ್ಶನ ನಡೆಸಿದವರು ಮೀಸೆ ಸಾಹೇಬರು.

"ಅನುಭವ ಏನಾದ್ರೂ ಇದೆಯೇನಮ್ಮಾ?"

"ಇಲ್ಲೇ ಮುಖ್ಯಾಧಿಕಾರಿಯಾಗಿದ್ದೀನಿ ಸರ್."

"ಈ ಹುದ್ದೆಗೆ ಅದು ಸ್ವಲ್ಪ ಜಾಸ್ತೀನೇ ಆಯ್ತು. ಇರ್ಲಿ, ಪರಿಗಣಿಸೋಣ."

ಪರಿಗಣಿಸಿ, ಆಕೆಯನ್ನು ತಾತ್ಕಾಲಿಕ ಸಹಾಯಕಿಯಾಗಿ ನೇಮಿಸಿಕೊಂಡರು. ಕಿಟಕಿ ಪಕ್ಕದ ಕುರ್ಚಿ ಕೊಟ್ಟರು, ಅದು ತಿರುಗುತ್ತಿರಲಿಲ್ಲ. ಕಾವಲುಗಾರ ಅಂದಿನಿಂದ ಆಕೆಯನ್ನು ಚೀಟಿ ಕೇಳದೆ ಒಳಗೆ ಬಿಟ್ಟ. ಲೆಕ್ಕಿಗರು ಬಂದು ಅಭಿನಂದಿಸಿದರು. ಸಂಜೆ ಅತ್ತೆ ನೆಂಟರಿಗೆಲ್ಲ ಫೋನ್ ಮಾಡಿ ಮುಗಿಸಿ, ಸೊಸೆಯ ಬೆನ್ನು ಸವರಿದರು.

"ಮನಸ್ಸಿಟ್ಟು ಕೆಲ್ಸ ಮಾಡಮ್ಮಾ. ಒಂದಲ್ಲ ಒಂದಿನ ನೀನೂ ಮುಖ್ಯಾಧಿಕಾರಿ ಆಗ್ತೀಯ."

"ಅಯ್ಯೋ, ಅಷ್ಟೆಲ್ಲ ಆಸೆ ಇಲ್ಲ ಅತ್ತೆ" ಎಂದಳು ಆಕೆ. ಅದು ಮನಸಾರೆ ಹೇಳಿದ ಮಾತೇ ಆಗಿತ್ತು.